ಕಾರವಾರದ ಸೆಖೆ, ಶಿರಸಿಯ ಮಳೆ ಮತ್ತು ಮನೆಯ ಪಿಜ್ಜಾ

ನಾನು ಮೊದಲ ಸಲ ಪಿಜ್ಜಾ ಹಿಟ್ಟು ಕಲಸಿದ್ದು ಕಾರವಾರದಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ. ಬರೆದುಕೊಂಡಿದ್ದ ಅಳತೆಯಂತೆ 300 ಗ್ರಾಂ ಮೈದಾಕ್ಕೆ ಒಂದು ಇಡೀ ಪೊಟ್ಟಣ, ಅಂದರೆ 7 ಗ್ರಾಂ ಯೀಸ್ಟ್ ಹಾಕಿದೆ. ಉಗುರುಬೆಚ್ಚಗಿನ ನೀರಲ್ಲಿ ನಾದಿ ಮುಚ್ಚಿಟ್ಟೆ. ಎರಡು ಗಂಟೆ ಕಳೆದು ನೋಡಿದರೆ ಹಿಟ್ಟು ಪಾತ್ರೆಯ ಅಂಚು ದಾಟಿ ಇಳಿಯುತ್ತಿತ್ತು. ಮೂಗಿಗೆ ಹುಳಿ ಹೆಂಡದ ವಾಸನೆ. ಎಳೆದಲ್ಲೆಲ್ಲ ಹರಿಯಿತು.

ಅದೇ ವರ್ಷ ಮಳೆಗಾಲದಲ್ಲಿ ಶಿರಸಿಯ ಅಕ್ಕನ ಮನೆಯಲ್ಲಿ ಮತ್ತೆ ಮಾಡಿದೆ. ಹಿಂದಿನ ಪಾಠ ನೆನಪಿಟ್ಟುಕೊಂಡು ಯೀಸ್ಟನ್ನು ಚಿಟಿಕೆಗೆ ಇಳಿಸಿದ್ದೆ, ನೀರೂ ತಣ್ಣಗಿನದು. ನಾಲ್ಕು ಗಂಟೆಯಾದರೂ ಹಿಟ್ಟು ಇಟ್ಟ ಹಾಗೇ ಇತ್ತು. ಪದೇ ಪದೇ ಗಡಿಯಾರ ನೋಡುತ್ತಿದ್ದ ನನಗೆ ಆಯಿ ಹೇಳಿದ್ದು ಇಷ್ಟೇ: "ಹಿಟ್ಟು ಗಡಿಯಾರ ನೋಡಿ ಹುಳಿ ಬರ್ತದಾ? ಪಾತ್ರೆ ನೋಡು."

ದೋಸೆ ಹಿಟ್ಟಿನ ವಿಷಯದಲ್ಲಿ ಇದು ನಮಗೆಲ್ಲ ಗೊತ್ತು. ಚಳಿಗಾಲದಲ್ಲಿ ಪಾತ್ರೆಯನ್ನು ಒಲೆ ಪಕ್ಕ ಇಡುತ್ತೇವೆ, ಬೇಸಿಗೆಯಲ್ಲಿ ರಾತ್ರಿ ತಡವಾಗಿ ರುಬ್ಬುತ್ತೇವೆ. ಪಿಜ್ಜಾ ಅಂದ ಕೂಡಲೇ ಆ ಬುದ್ಧಿಯನ್ನೆಲ್ಲ ಬದಿಗಿಟ್ಟು, ಯಾವುದೋ ತಂಪು ದೇಶದ ಅಡುಗೆಮನೆಗೆ ಬರೆದ ಗಂಟೆಗಳನ್ನು ಪಾಲಿಸುತ್ತೇವೆ. ಅದಕ್ಕೇ ಈ ಬರಹದಲ್ಲಿ ಹಿಟ್ಟಿನ ಬಗ್ಗೆಯೇ ಜಾಸ್ತಿ ಹೇಳಿದ್ದೇನೆ. ಹಿಟ್ಟು ಮತ್ತು ಕಾವು ಸರಿಯಾದರೆ ಬರೀ ಟೊಮೆಟೊ, ಚೀಸ್ ಹಾಕಿದ ಪಿಜ್ಜಾವೂ ಚೆನ್ನಾಗಿರುತ್ತದೆ.

ಏನೇನು ಬೇಕು

ಸುಮಾರು 10 ಇಂಚಿನ ಎರಡು ಪಿಜ್ಜಾಕ್ಕೆ: ಮೈದಾ 300 ಗ್ರಾಂ, ನೀರು 185 ಗ್ರಾಂ, ಉಪ್ಪು 7 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಕಾಲು ಟೀ ಚಮಚ (ಸುಮಾರು 1 ಗ್ರಾಂ), ಎಣ್ಣೆ ಒಂದು ಟೀ ಚಮಚ. ಸಕ್ಕರೆ ಬೇಕಾದರೆ ಅರ್ಧ ಟೀ ಚಮಚ. ಮನೆಯ ಓವನ್ ಕಾವಿನಲ್ಲಿ ಅಂಚು ಕೆಂಪಾಗಲು ಅದು ಸ್ವಲ್ಪ ನೆರವಾಗುತ್ತದೆ.

ಗ್ರಾಂ ತೋರಿಸುವ ಸಣ್ಣ ತಕ್ಕಡಿ ಒಂದನ್ನು ದಯವಿಟ್ಟು ತಂದುಕೊಳ್ಳಿ. ಒಂದು ಲೋಟ ಮೈದಾ ಅಂದರೆ ಒತ್ತಿ ತುಂಬಿದರೆ ಒಂದು ತೂಕ, ಜರಡಿ ಹಿಡಿದು ತುಂಬಿದರೆ ಇನ್ನೊಂದು. ನೀರಿನಲ್ಲಿ 15 ಗ್ರಾಂ ಹೆಚ್ಚುಕಡಿಮೆಯಾದರೂ ಹಿಟ್ಟಿನ ಗುಣವೇ ಬದಲಾಗುತ್ತದೆ. ಉಪ್ಪಿಗೂ ಇದೇ ಮಾತು. ನಮ್ಮ ಮನೆಯಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಕಲ್ಲುಪ್ಪು ಬಳಸುತ್ತೇವೆ. ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿ ಉಪ್ಪಿಗಿಂತ ಕಡಿಮೆ ತೂಗುತ್ತದೆ. ತೂಗಿ, ನೀರಿನಲ್ಲಿ ಪೂರ್ತಿ ಕರಗಿಸಿಯೇ ಹಾಕಿ.

ಮೈದಾ ಕೊಳ್ಳುವಾಗ ಪೊಟ್ಟಣದ ಹಿಂದೆ 100 ಗ್ರಾಂನಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೋಡಿ. ಹತ್ತಕ್ಕಿಂತ ಕಡಿಮೆ ಇದ್ದರೆ ಅದು ಬಿಸ್ಕತ್ತು, ಕೇಕಿಗೆ ಚೆನ್ನ. 11 ಅಥವಾ ಹೆಚ್ಚಿದ್ದರೆ ಪಿಜ್ಜಾಕ್ಕೆ ಒಳ್ಳೆಯದು. ಈ ಪ್ರೋಟೀನೇ ನೀರು ಕುಡಿದು ಅಂಟು ಬಲೆಯಾಗುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಆ ಬಲೆ ಹಿಡಿದಿಟ್ಟುಕೊಳ್ಳುತ್ತದೆ. ಬರೀ ಮೈದಾ ಬೇಡ ಅನ್ನಿಸಿದರೆ ಕಾಲು ಭಾಗ, ಅಂದರೆ 75 ಗ್ರಾಂ, ಗೋಧಿ ಹಿಟ್ಟು ಸೇರಿಸಿ. ಅದಕ್ಕೆ ನೀರು 15 ಗ್ರಾಂ ಜಾಸ್ತಿ ಬೇಕು. ಅದಕ್ಕಿಂತ ಹೆಚ್ಚು ಗೋಧಿ ಹಾಕಿದರೆ ತೌಡಿನ ಚೂರುಗಳು ಬಲೆಯನ್ನು ಕಡಿಯುತ್ತವೆ, ಪಿಜ್ಜಾ ದಪ್ಪ ಚಪಾತಿಯಂತಾಗುತ್ತದೆ.

ಯೀಸ್ಟಿನ ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಕರಾವಳಿಯ ತೇವಕ್ಕೆ ಹೊರಗಿಟ್ಟ ಯೀಸ್ಟ್ ಬೇಗ ಸಾಯುತ್ತದೆ. ಅನುಮಾನವಿದ್ದರೆ ಕಾಲು ಲೋಟ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಚಿಟಿಕೆ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಜೀವ ಇದೆ. ನಿಮ್ಮದು ಇನ್‌ಸ್ಟಂಟ್ ಅಲ್ಲದ, ದಪ್ಪ ಹರಳಿನ ಆಕ್ಟಿವ್ ಡ್ರೈ ಯೀಸ್ಟ್ ಆಗಿದ್ದರೆ ಪ್ರತಿ ಸಲವೂ ಹೀಗೆ ನೆನೆಸಿಯೇ ಹಾಕಬೇಕು.

ಹಿಟ್ಟು ಕಲಸುವುದು

ಅಗಲ ಪಾತ್ರೆಗೆ ನೀರು, ಕರಗಿದ ಉಪ್ಪು ಹಾಕಿ. ಮೇಲೆ ಮೈದಾ, ಅದರ ಮೇಲೆ ಯೀಸ್ಟ್. ಒಣ ಹಿಟ್ಟು ಕಾಣದಷ್ಟು ಕಲಸಿ, ಮುಚ್ಚಿ, 20 ನಿಮಿಷ ಸುಮ್ನೆ ಬಿಡಿ. ಈ 20 ನಿಮಿಷದಲ್ಲಿ ಹಿಟ್ಟು ನೀರು ಕುಡಿಯುತ್ತದೆ, ನಾದುವ ಅರ್ಧ ಕೆಲಸ ತಾನೇ ಆಗುತ್ತದೆ. ಆಮೇಲೆ ಎಣ್ಣೆ ಹಾಕಿ 8-10 ನಿಮಿಷ ನಾದಿ.

ಹದ ಹೇಗಿರಬೇಕು? ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆಯ ಕಣಕಕ್ಕಿಂತ ಗಟ್ಟಿ. ಹೋಳಿಗೆ ಮಾಡಿ ಗೊತ್ತಿದ್ದವರಿಗೆ ಇದಕ್ಕಿಂತ ಬೇರೆ ವಿವರಣೆ ಬೇಡ. ಮೊದಲ ಐದು ನಿಮಿಷ ಕೈಗೆ ಅಂಟುತ್ತದೆ. ಆಗ ಒಣ ಮೈದಾ ಉದುರಿಸುತ್ತಾ ಹೋಗಬೇಡಿ, ಹೆಚ್ಚಿನವರು ತಪ್ಪುವುದು ಅಲ್ಲೇ. ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು ಮುಂದುವರಿಸಿ, ಅಂಟು ತಾನೇ ಬಿಡುತ್ತದೆ. ನಾದಿದ್ದು ಸಾಕೋ ಎಂದು ತಿಳಿಯಲು ಚಿಕ್ಕ ಉಂಡೆ ಹರಿದು, ಬೆರಳುಗಳ ನಡುವೆ ನಿಧಾನ ಎಳೆಯಿರಿ. ಹರಿಯದೆ, ಆಚೆಗಿನ ಬೆಳಕು ಕಾಣುವಷ್ಟು ತೆಳು ಪೊರೆಯಾದರೆ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರನ್ನು 175 ಗ್ರಾಂಗೆ ಇಳಿಸಿ ಶುರುಮಾಡಿ. ಮಳೆಗಾಲದಲ್ಲಿ ಡಬ್ಬಿಯ ಮೈದಾ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಉಪ್ಪಿನ ಭರಣಿ ನೀರೊಡೆಯುವ ದಿನಗಳಲ್ಲಿ ಮೈದಾ ಮಾತ್ರ ಒಣಗಿರುತ್ತದೆಯೇ? ಬೇಕಾದರೆ ಆಮೇಲೆ ಒಂದೊಂದು ಚಮಚ ನೀರು ಸೇರಿಸಬಹುದು, ಹಾಕಿದ್ದನ್ನು ತೆಗೆಯಲಾಗುವುದಿಲ್ಲ.

ಉಬ್ಬಲು ಬಿಡುವುದು: ಘಟ್ಟದ ಕೆಳಗೆ ಒಂದು ಲೆಕ್ಕ, ಮೇಲೆ ಇನ್ನೊಂದು

ಯೀಸ್ಟ್ ಒಂದು ಜೀವಿ. ಸೆಖೆ ಏರಿದಂತೆ ಅದರ ಕೆಲಸ ಜೋರಾಗುತ್ತದೆ, ತಂಪಾದಂತೆ ಮಂದವಾಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಅಡುಗೆಮನೆಗಳು ಬೇಸಿಗೆಯಲ್ಲಿ 32 ಡಿಗ್ರಿ ದಾಟಿರುತ್ತವೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮಳೆಗಾಲದಲ್ಲಿ ಅಲ್ಲಿ ಹಗಲಲ್ಲೂ 22-23 ಡಿಗ್ರಿ ಇರುವ ದಿನಗಳಿವೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಹೋದರೆ ಒಂದೆರಡು ತಾಸಿನ ದಾರಿ, ಹಿಟ್ಟಿಗೆ ಮಾತ್ರ ಬೇರೆಯದೇ ಊರು.

ಘಟ್ಟದ ಕೆಳಗಿನವರು ಹೀಗೆ ಮಾಡಿ. ನೀರನ್ನು ಫ್ರಿಜ್ಜಿನಿಂದ ತೆಗೆದು ತಣ್ಣಗಿರುವಾಗಲೇ ಬಳಸಿ. ನಾದುವಾಗಲೇ ಕೈಯ ಬಿಸಿ, ಹವೆಯ ಬಿಸಿ ಎರಡೂ ಸೇರಿ ಹಿಟ್ಟು ಬೆಚ್ಚಗಾಗುತ್ತದೆ. ನಾದಿದ ಹಿಟ್ಟನ್ನು ಎಣ್ಣೆ ಸವರಿದ ಡಬ್ಬಿಗೆ ಹಾಕಿ, ಹೊರಗೆ 45 ನಿಮಿಷ ಬಿಟ್ಟು, ಸ್ವಲ್ಪ ಉಬ್ಬಿದ್ದು ಕಂಡ ತಕ್ಷಣ ಫ್ರಿಜ್ಜಿಗೆ ಸೇರಿಸಿ. ಅಲ್ಲಿ 24 ಗಂಟೆ ಇರಲಿ, 48 ಆದರೆ ಇನ್ನೂ ರುಚಿ. ಅವತ್ತೇ ಬೇಕು ಅಂದರೆ ಒಟ್ಟು ಮೂರು ಮೂರೂವರೆ ಗಂಟೆ ಸಾಕು.

ಘಟ್ಟದ ಮೇಲಿನವರು ಮಳೆ ಅಥವಾ ಚಳಿಯ ದಿನ ಉಗುರುಬೆಚ್ಚಗಿನ ನೀರು ಬಳಸಿ. ಅವತ್ತೇ ಮಾಡುವುದಾದರೆ ಯೀಸ್ಟ್ ಅರ್ಧ ಟೀ ಚಮಚಕ್ಕೆ ಏರಿಸಿ, 4-5 ಗಂಟೆ ಕೊಡಿ. ಮರುದಿನಕ್ಕಾದರೆ ಕಾಲು ಚಮಚವೇ ಸಾಕು. ಎರಡು ಮೂರು ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್ಜು. ಡಿಸೆಂಬರ್, ಜನವರಿಯಲ್ಲಿ ಇಡೀ ರಾತ್ರಿ ಹೊರಗೇ ಇಟ್ಟರೂ ನಡೆಯುತ್ತದೆ.

ಎಲ್ಲೇ ಇದ್ದರೂ ಗುರುತು ಒಂದೇ. ನೇರ ಗೋಡೆಯ ಪಾರದರ್ಶಕ ಡಬ್ಬಿ ತೆಗೆದುಕೊಳ್ಳಿ, ಹಿಟ್ಟು ಹಾಕಿದ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ. ಅದರ ಎರಡರಷ್ಟು ಎತ್ತರಕ್ಕೆ ಬಂದಾಗ ಹಿಟ್ಟು ತಯಾರು. ಮಧ್ಯದಲ್ಲಿ ತಗ್ಗು ಬಿದ್ದಿದ್ದರೆ ಹೊತ್ತು ಮೀರಿತು ಎಂದರ್ಥ.

ಫ್ರಿಜ್ಜಿನ ನಿಧಾನದ ಹುದುಗಿಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ತಂಪಿನಲ್ಲಿ ಯೀಸ್ಟ್ ಮಂದವಾದರೂ ಹಿಟ್ಟಿನ ಕಿಣ್ವಗಳು ಗಂಜಿಯನ್ನು ಸಕ್ಕರೆಯಾಗಿ ಒಡೆಯುತ್ತಲೇ ಇರುತ್ತವೆ. ಅದರಿಂದ ಅಂಚು ಚೆನ್ನಾಗಿ ಕೆಂಪಾಗುತ್ತದೆ, ರುಚಿಗೆ ಒಂದು ಆಳ ಬರುತ್ತದೆ. ಹಿಟ್ಟು ಎಳೆದ ಕಡೆ ಬಾಗುತ್ತದೆ, ಹಿಂದಕ್ಕೆ ಜಗ್ಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜಿನೊಳಗೂ ಹಿಟ್ಟು ಓಡತೊಡಗುತ್ತದೆ. ಕೆಲವು ತಾಸು ಕರೆಂಟಿಲ್ಲದ ದಿನ 48 ಗಂಟೆಗೆ ಕಾಯಬೇಡಿ, ಆ ಸಂಜೆಯೇ ಸುಟ್ಟುಬಿಡಿ.

ಟೊಮೆಟೊ ಸಾಸ್

ಪಿಜ್ಜಾದ ತವರಾದ ಇಟಲಿಯ ನೇಪಲ್ಸ್‌ನಲ್ಲಿ ಹಣ್ಣು ಟೊಮೆಟೊವನ್ನು ಹಿಸುಕಿ, ಉಪ್ಪು ಹಾಕಿ, ಬೇಯಿಸದೇ ಬಳಿಯುತ್ತಾರೆ. ಅಲ್ಲಿನ ಟೊಮೆಟೊ ತಿರುಳು ಜಾಸ್ತಿ ಇರುವ ಜಾತಿ, ಒಲೆಯೂ ಕ್ಷಣದಲ್ಲಿ ನೀರು ಹಾರಿಸುವಂಥದ್ದು. ನಮ್ಮ ಸಂತೆಯ ಟೊಮೆಟೊದಲ್ಲಿ ನೀರೇ ಹೆಚ್ಚು. ಬೇಯಿಸಿ ಬತ್ತಿಸುವುದೇ ಸರಿ.

ಅರ್ಧ ಕಿಲೋ ಚೆನ್ನಾಗಿ ಹಣ್ಣಾದ, ಉದ್ದ ಆಕಾರದ ಟೊಮೆಟೊ ಅಡ್ಡಕ್ಕೆ ಕತ್ತರಿಸಿ, ಬೀಜ ಮತ್ತು ನೀರನ್ನು ಹಿಂಡಿ ತೆಗೆಯಿರಿ. ಅದನ್ನು ಸಾರಿಗೆ ಹಾಕಿಕೊಳ್ಳಬಹುದು. ಕತ್ತರಿಸಿದ ಮೈಯನ್ನು ತುರಿಮಣೆಗೆ ತಿಕ್ಕಿದರೆ ತಿರುಳು ಕೆಳಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಜಜ್ಜಿದ ಮೂರು ಎಸಳು ಬೆಳ್ಳುಳ್ಳಿಯನ್ನು ಘಮ ಬರುವಷ್ಟು ಮಾತ್ರ ಬಿಸಿ ಮಾಡಿ ತಿರುಳು ಸುರಿಯಿರಿ. ಸಣ್ಣ ಉರಿಯಲ್ಲಿ 15-20 ನಿಮಿಷ. ಸೌಟಿನಿಂದ ಗೆರೆ ಎಳೆದರೆ ಕೂಡಿಕೊಳ್ಳದಷ್ಟು ಗಟ್ಟಿಯಾಗಬೇಕು. ಉಪ್ಪು ಕೊನೆಗೆ. ತೀರಾ ಹುಳಿ ಇದ್ದರೆ ಚೂರೇ ಚೂರು ಬೆಲ್ಲ. ಬಾಟಲಿಯ ಸಿಹಿ ಸಾಸ್ ನನಗೆ ಬೇಡವೇ ಬೇಡ. ಎಲ್ಲ ಪಿಜ್ಜಾಕ್ಕೂ ಒಂದೇ ರುಚಿ ಬರುತ್ತದೆ.

ಬೇಸಿಲ್ ಸಿಗುವುದಿಲ್ಲ ಎಂದು ಚಿಂತಿಸುವವರಿಗೆ ಒಂದು ಮಾತು. ನಮ್ಮ ಕಾಮಕಸ್ತೂರಿಯೇ ಬೇಸಿಲ್. ತಂಪಿಗೆ ಬೀಜ ನೆನೆಸಿ ಕುಡಿಯುತ್ತೇವಲ್ಲ, ಅದೇ ಗಿಡ. ಕುಂಡದಲ್ಲಿ ಒಂದು ಚಿಟಿಕೆ ಬೀಜ ಚೆಲ್ಲಿದರೆ ಬೇಗನೇ ಎಲೆ ಸಿಗುತ್ತದೆ. ಪರಿಮಳ ಸ್ವಲ್ಪ ಬೇರೆ, ಸಂಬಂಧ ಒಂದೇ. ದೇವರ ತುಳಸಿಯನ್ನು ಮಾತ್ರ ಹಾಕಬೇಡಿ, ಲವಂಗದ ಖಾರ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಒರೆಗಾನೊ ಬದಲಿಗೆ ತಂಬುಳಿ ಮಾಡುವ ದೊಡ್ಡಪತ್ರೆ ಇದೆ. ಒರೆಗಾನೊಗೆ ಆ ಘಾಟು ಕೊಡುವ ಕಾರ್ವಕ್ರಾಲ್ ಎಂಬ ಅಂಶ ದೊಡ್ಡಪತ್ರೆಯಲ್ಲೂ ಇದೆ. ಇಷ್ಟು ಸಾಸ್‌ಗೆ ಒಂದೇ ಎಲೆ, ಸಣ್ಣಗೆ ಹೆಚ್ಚಿ, ಒಲೆ ಆರಿಸುವ ಮೊದಲು ಹಾಕಿ. ಎರಡಾದರೆ ಕಷಾಯದ ನೆನಪು ಬರುತ್ತದೆ.

ಚೀಸ್

ಪಿಜ್ಜಾಕ್ಕೆಂದೇ ಬರುವ, ನೀರು ಕಡಿಮೆ ಇರುವ ಮೊಝರೆಲ್ಲಾದ ಗಟ್ಟಿ ತೆಗೆದುಕೊಂಡು ಮನೆಯಲ್ಲೇ ತುರಿಯಿರಿ. ತುರಿದು ಮಾರುವ ಚೀಸ್‌ಗೆ ಅಂಟದಿರಲಿ ಎಂದು ಸಾಮಾನ್ಯವಾಗಿ ಪಿಷ್ಟದ ಪುಡಿ ಹಚ್ಚಿರುತ್ತಾರೆ, ಕರಗುವಾಗ ಅದು ಅಡ್ಡ ಬರುತ್ತದೆ. ಒಂದು ಪಿಜ್ಜಾಕ್ಕೆ 80 ಗ್ರಾಂ ಧಾರಾಳ. ಬ್ರೆಡ್‌ಗೆ ಹಾಕುವ ಚೀಸ್ ಕ್ಯೂಬು ಕರಗಿ ಕೆನೆಯಾಗುತ್ತದೆಯೇ ಹೊರತು ಎಳೆ ಬಿಡುವುದಿಲ್ಲ. ಪನೀರು ಕರಗುವುದೇ ಇಲ್ಲ.

ಕಾವು

ನೇಪಲ್ಸ್‌ನ ಪಿಜ್ಜಾದವರ ಸಂಘ 1984ರಲ್ಲಿ ಹುಟ್ಟಿತು. ಅವರ ನಿಯಮದ ಪ್ರಕಾರ 400 ಡಿಗ್ರಿ ದಾಟಿದ ಒಲೆಯಲ್ಲಿ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯಬೇಕು. ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮನೆಯ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, 250ಕ್ಕೆ ನಿಲ್ಲುತ್ತದೆ. ಗಾಳಿಯ ಬಿಸಿ ಅಷ್ಟೇ ಇದ್ದಾಗ ಕೆಳಗಿನಿಂದ ಜೋರು ಕಾವು ಕೊಡುವ ಒಂದು ವಸ್ತು ಬೇಕು. ಅದು ಪ್ರತಿ ಮನೆಯಲ್ಲೂ ಇದೆ: ದಪ್ಪ ಕಬ್ಬಿಣದ ದೋಸೆ ಕಾವಲಿ.

ನಮ್ಮ ಕಡೆಯ ಕಾಗದದಂಥ ತೆಳು ಸಿಹಿ, ತೊಡದೇವು ಮಾಡುವುದನ್ನು ನೋಡಿದ್ದೀರಾ? ಬೋರಲು ಹಾಕಿದ ಮಡಕೆ ಮೊದಲು ಚೆನ್ನಾಗಿ ಕಾಯಬೇಕು. ಕಾದ ಮೈಗೆ ಹಿಟ್ಟು ಸವರಿದ ಕ್ಷಣದಲ್ಲೇ ಹಾಳೆ ಏಳುತ್ತದೆ. ಮಡಕೆ ಕಾಯದೇ ಸವರಿದರೆ ಏನಾಗುತ್ತದೆ ಎಂದು ಶಿರಸಿಯವರಿಗೆ ಹೇಳಬೇಕಾಗಿಲ್ಲ. ಪಿಜ್ಜಾದಲ್ಲೂ ಹಾಗೇ. ತಣ್ಣಗಿನ ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದರೆ ತಳ ಬಿಸಿಯಾಗುವಷ್ಟರಲ್ಲಿ ಮೇಲಿನ ನೀರೆಲ್ಲ ಇಳಿದು ಹಿಟ್ಟು ಮೆತ್ತಗಾಗುತ್ತದೆ.

ಹಿಡಿ ಇಲ್ಲದ, ನಿಮ್ಮ ಓಟಿಜಿಯೊಳಗೆ ಹಿಡಿಸುವ ಕಾವಲಿಯನ್ನು ಮೇಲಿನ ರಾಡಿನಿಂದ ನಾಲ್ಕು ಬೆರಳು ಕೆಳಗೆ, ಬೋರಲಾಗಿ ಇಡಿ. ಬೋರಲಿಟ್ಟರೆ ಅಂಚು ಅಡ್ಡ ಬರದೆ ಪಿಜ್ಜಾ ಸಲೀಸಾಗಿ ಜಾರುತ್ತದೆ. ಎರಡೂ ರಾಡು ಹಾಕಿ, 250 ಡಿಗ್ರಿಗೆ ತಿರುಗಿಸಿ, 45 ನಿಮಿಷ ಕಾಯಿಸಿ. ಓವನ್ನಿನ ದೀಪ ಹತ್ತೇ ನಿಮಿಷಕ್ಕೆ ಆರಬಹುದು. ಅದು ಗಾಳಿಯ ಬಿಸಿಯ ಲೆಕ್ಕ, ಕಬ್ಬಿಣಕ್ಕೆ ಇನ್ನೂ ಹೊತ್ತು ಬೇಕು. ನಾನ್‌ಸ್ಟಿಕ್ ಕಾವಲಿ ಬೇಡ, ಇಷ್ಟು ಬಿಸಿಗೆ ಅದರ ಲೇಪ ಹಾಳಾಗುತ್ತದೆ. ಅಂಗಳದ ಚೀರೆಕಲ್ಲು, ಕಡಪ ಕಲ್ಲಿನ ತುಂಡನ್ನು ಪಿಜ್ಜಾ ಕಲ್ಲೆಂದು ಬಳಸಬೇಡಿ. ಒಳಗಿನ ತೇವ ಹಬೆಯಾಗಿ ಕಲ್ಲು ಸೀಳಬಹುದು.

ಬಿಸಿ ಕಾವಲಿ ಮುಟ್ಟಲು ಒಣ, ದಪ್ಪ ಬಟ್ಟೆಯನ್ನೇ ಬಳಸಿ. ಒದ್ದೆ ಬಟ್ಟೆಯ ನೀರು ತಕ್ಷಣ ಹಬೆಯಾಗಿ ಕೈ ಸುಡುತ್ತದೆ.

ತಟ್ಟುವುದು, ಹಾಕುವುದು, ಬೇಯಿಸುವುದು

ಫ್ರಿಜ್ಜಿನ ಹಿಟ್ಟನ್ನು ಎರಡು ಉಂಡೆ ಮಾಡಿ, ಮುಚ್ಚಿ, ಹೊರಗಿಡಿ. ಕರಾವಳಿಯಲ್ಲಿ ಒಂದು ಗಂಟೆ, ಶಿರಸಿಯಲ್ಲಿ ಎರಡು.

ಲಟ್ಟಣಿಗೆ ಮುಟ್ಟಬೇಡಿ. ಒಂದು ದಿನ ಕಾದು ತುಂಬಿಕೊಂಡ ಗಾಳಿಯನ್ನೆಲ್ಲ ಅದು ಒಂದೇ ಉರುಳಿಗೆ ಹೊರಗೆ ಹಾಕುತ್ತದೆ. ಮೈದಾ ಉದುರಿಸಿದ ಮಣೆಯ ಮೇಲೆ ಉಂಡೆಯಿಟ್ಟು, ರೊಟ್ಟಿ ತಟ್ಟುವ ಹಾಗೆ ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತಿ. ಸುತ್ತ ಒಂದು ಬೆರಳಗಲ ಅಂಚು ಮುಟ್ಟದೇ ಬಿಡಿ, ಗಾಳಿಯೆಲ್ಲ ಅಲ್ಲಿಗೆ ಸರಿಯುತ್ತದೆ. ಆಮೇಲೆ ಎತ್ತಿ ಎರಡೂ ಮುಷ್ಟಿಯ ಮೇಲಿಟ್ಟು ತಿರುಗಿಸುತ್ತಾ ಅದರ ಭಾರಕ್ಕೇ ಹಿಗ್ಗಲು ಬಿಡಿ. ಹಿಂದಕ್ಕೆ ಜಗ್ಗಿದರೆ ಹಠ ಬೇಡ. ಮುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ಬನ್ನಿ, ತಾನೇ ಸಡಿಲಾಗಿರುತ್ತದೆ.

ಒಂದು ಅಲ್ಯೂಮಿನಿಯಂ ಟ್ರೇಯನ್ನು ಮಗುಚಿ, ಅದರ ಬೆನ್ನಿಗೆ ಚಿರೋಟಿ ರವೆ ಉದುರಿಸಿ, ಹಿಟ್ಟನ್ನು ಅದರ ಮೇಲಿಡಿ. ಅಲುಗಿಸಿದರೆ ಜಾರಬೇಕು. ಈಗ ಬೇಗ ಬೇಗ: ಎರಡು ದೊಡ್ಡ ಚಮಚ ಸಾಸ್ ತೆಳ್ಳಗೆ, ಚೀಸ್, ಮೇಲಿನ ಪದಾರ್ಥ. ತಡ ಮಾಡಿದರೆ ಹಿಟ್ಟು ಟ್ರೇಗೆ ಅಂಟುತ್ತದೆ. ಕಾವಲಿಯ ದೂರದ ಅಂಚಿಗೆ ಟ್ರೇ ತಾಗಿಸಿ ಒಮ್ಮೆ ಚುರುಕಾಗಿ ಹಿಂದಕ್ಕೆಳೆಯಿರಿ. 7ರಿಂದ 9 ನಿಮಿಷ. ಅಂಚಿನಲ್ಲಿ ಕಂದು ಚುಕ್ಕೆ ಬಂದು, ಚೀಸ್ ಕುದಿಯುತ್ತಿದ್ದರೆ ತೆಗೆಯಿರಿ. ಎರಡನೆಯದನ್ನು ಹಾಕುವ ಮೊದಲು ಕಾವಲಿಗೆ ಹತ್ತು ನಿಮಿಷ ಮತ್ತೆ ಕಾಯಲು ಬಿಡಿ.

ಓವನ್ ಇಲ್ಲವೇ, ಕರೆಂಟು ಹೋಯಿತೇ? ಗ್ಯಾಸ್ ಒಲೆಯಲ್ಲೂ ಆಗುತ್ತದೆ. ಕಾವಲಿ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಬರೀ ಹಿಟ್ಟನ್ನು ಹಾಕಿ ಎರಡು ನಿಮಿಷ. ತಳದಲ್ಲಿ ಚುಕ್ಕೆ ಬಂದಾಗ ಮಗುಚಿ, ಉರಿ ಸಣ್ಣ ಮಾಡಿ, ಬೆಂದ ಮೈಮೇಲೆ ಸಾಸ್, ಚೀಸ್ ಹಾಕಿ, ಎತ್ತರದ ಮುಚ್ಚಳ ಮುಚ್ಚಿ. ನಾಲ್ಕೈದು ನಿಮಿಷಕ್ಕೆ ಚೀಸ್ ಕರಗುತ್ತದೆ. ಕೊನೆಯ ಅರ್ಧ ನಿಮಿಷ ಮುಚ್ಚಳ ತೆಗೆದು ಹಬೆ ಹೋಗಲು ಬಿಡಿ. ಮೇಲ್ಗಡೆ ಕೆಂಪಾಗುವುದಿಲ್ಲ, ತಳ ಮಾತ್ರ ಓವನ್ನಿನದಕ್ಕಿಂತ ಗರಿ. ಅಕ್ಕನ ಮನೆಯಲ್ಲಿ ಈಗ ಹೀಗೇ ಮಾಡುತ್ತಾರೆ.

ಮೇಲೆ ಏನು ಹಾಕುವುದು

ಎರಡು ಬಗೆ ಸಾಕು, ಮೂರು ಹೆಚ್ಚು. ನೀರು ಬಿಡುವುದು ಯಾವುದನ್ನೂ ಹಸಿಯಾಗಿ ಹಾಕಬೇಡಿ.

ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿ ಮಾರುವ ಸಿಹಿ ಈರುಳ್ಳಿ ಇದೆಯಲ್ಲ, ಪಿಜ್ಜಾಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಹತ್ತು ನಿಮಿಷ ಬಿಟ್ಟು ಹಿಂಡಿ ಹರಡಿ. ಓವನ್ನಿನ ಕಾವಿಗೆ ಅದರ ಸಿಹಿ ಇನ್ನೂ ಏರುತ್ತದೆ. ಮೇಲೆ ಕುಟ್ಟಿದ ಶಿರಸಿ ಕಾಳುಮೆಣಸು. ಅದೇ ಕಾಲದಲ್ಲಿ ಹಸಿ ಗೇರುಬೀಜ ಸಿಕ್ಕರೆ ಸೀಳಿ ಜೊತೆಗೆ ಹಾಕಿ.

ಸೀಗಡಿ ಇಷ್ಟಪಡುವವರು ಚಿಕ್ಕದನ್ನೇ ಆರಿಸಿ. ನಾರು ತೆಗೆದು, ಬೆಳ್ಳುಳ್ಳಿ ಎಣ್ಣೆಯಲ್ಲಿ ಒಂದೇ ನಿಮಿಷ ಬಾಡಿಸಿ, ನೀರು ಬಸಿದಿಟ್ಟುಕೊಳ್ಳಿ. ಪಿಜ್ಜಾ ಮುಕ್ಕಾಲು ಬೆಂದಾಗ ಮೇಲೆ ಹರಡಿ, ಪೂರ್ತಿ ಬೇಯುವವರೆಗೆ ಮೂರು ನಿಮಿಷ ಮತ್ತೆ ಒಳಗಿಡಿ. ಮೊದಲಿನಿಂದಲೇ ಹಾಕಿದರೆ ರಬ್ಬರಾಗುತ್ತದೆ. ಅಣಬೆಯನ್ನು ಎಣ್ಣೆಯಿಲ್ಲದೆ ಬಾಣಲೆಯಲ್ಲಿ ನೀರು ಇಂಗುವವರೆಗೆ ಹುರಿಯಿರಿ. ಬನವಾಸಿ ಕಡೆಯ ಅನಾನಸನ್ನೂ ಮೊದಲು ಕಾವಲಿಯಲ್ಲಿ ಸುಟ್ಟುಕೊಳ್ಳಬೇಕು. ಅದರ ಜೊತೆ ಒಂದೆರಡು ಜೀರಿಗೆ ಮೆಣಸು ಸೀಳಿ ಹಾಕಿದರೆ ಸಿಹಿ, ಖಾರ ಎರಡೂ ನಿಲ್ಲುತ್ತವೆ. ಕಾಮಕಸ್ತೂರಿ ಎಲೆ ಒಲೆಯಿಂದ ತೆಗೆದ ಮೇಲೆಯೇ.

ತೆಗೆದ ಪಿಜ್ಜಾವನ್ನು ತಟ್ಟೆಗೆ ಹಾಕಬೇಡಿ, ತಳದ ಹಬೆ ಅಲ್ಲೇ ನೀರಾಗುತ್ತದೆ. ಜಾಲರಿಯ ಮೇಲೆ ಎರಡು ನಿಮಿಷ ಇಟ್ಟು ಆಮೇಲೆ ಕತ್ತರಿಸಿ. ಉಳಿದ ತುಂಡನ್ನು ಮರುದಿನ ಅದೇ ಕಾವಲಿಯಲ್ಲಿ ಸಣ್ಣ ಉರಿಯಿಟ್ಟು, ಮುಚ್ಚಳ ಅರ್ಧ ಸರಿಸಿ ಬಿಸಿ ಮಾಡಿ, ತಳ ಮತ್ತೆ ಗರಿಗರಿಯಾಗುತ್ತದೆ. ಎರಡನೆಯ ಉಂಡೆ ಬಳಸದೇ ಉಳಿದರೆ ಫ್ರಿಜ್ಜಿನಲ್ಲಿ ಮೂರನೆಯ ದಿನದವರೆಗೆ ಇಡಬಹುದು. ಅಷ್ಟೊತ್ತಿಗೆ ಹುಳಿ ಏರಿ ಪಿಜ್ಜಾಕ್ಕೆ ಬಲ ಸಾಲದಿದ್ದರೆ, ದಪ್ಪ ರೊಟ್ಟಿಯಂತೆ ತಟ್ಟಿ ಕಾವಲಿಯಲ್ಲಿ ಸುಟ್ಟು, ಬಿಸಿ ಇರುವಾಗಲೇ ಬೆಳ್ಳುಳ್ಳಿ ಉಜ್ಜಿ, ತುಪ್ಪ ಸವರಿ ಕೊಡಿ. ನಮ್ಮ ಮನೆಯ ಮಕ್ಕಳು ಇದಕ್ಕೆಂದೇ ಒಂದು ಉಂಡೆ ಜಾಸ್ತಿ ಕಲಸಲು ಹೇಳುತ್ತಾರೆ.